ಕಾಯಿಯ ಪಾಳಿ

ಶುಕ್ರವಾರದ ಶಾರದಾ ಪೂಜೆಗೆ ಕಾಯಿ ಯಾರ ಮನೆಯದು ಎಂದು ಕರಿಹಲಗೆಯ ಬಲಮೂಲೆಯಲ್ಲಿ ಬರೆಯುವ ಕೆಲಸ ನನ್ನದಾಗಿತ್ತು. 1973ನೇ ಇಸವಿ, ಐದನೇ ಇಯತ್ತೆ. ಶಿರಸಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಹಂಚಿನ ಮಾಡು, ಮಣ್ಣಿನ ನೆಲ, ವಾರಕ್ಕೊಮ್ಮೆ ಸಗಣಿ ಸಾರಿಸುವುದು ಹುಡುಗಿಯರ ಪಾಲಿಗೆ. ಆ ವರ್ಷ ನವೆಂಬರಿನಲ್ಲಿ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಯಿತು. ನಮಗೆಲ್ಲ ಪೆಪ್ಪರಮೆಂಟು ಹಂಚಿದರು. ಕಾಯಿಯ ಪಟ್ಟಿ ಮಾತ್ರ ಇದ್ದ ಹಾಗೇ ಇತ್ತು. ಹಾಜರಿ ಪುಸ್ತಕದ ನಂಬರಿನ ಪ್ರಕಾರ ವಾರಕ್ಕೊಬ್ಬರ ಪಾಳಿ. ಕಾಯಿ ಒಂದು, ಕಡಲೆ ಒಂದು ಸಿದ್ದೆ, ಬೆಲ್ಲ ಒಂದು ಅಚ್ಚು.

ತರಗತಿಯಲ್ಲಿ 23 ಮಕ್ಕಳು. ಪಾಳಿ 19 ಜನರದು. 6, 11, 14, 15 ಈ ನಾಲ್ಕು ನಂಬರು ಬಿಟ್ಟು ಬರೆಯಬೇಕೆಂದು ಮಾಸ್ತರು ಜೂನ್ ತಿಂಗಳಲ್ಲೇ ಹೇಳಿಕೊಟ್ಟಿದ್ದರು. ‘ಅವಕ್ಕೆಲ್ಲ ಸುಮ್ಮನೆ ಯಾಕೆ ತ್ರಾಸು’ ಎಂದಿದ್ದರು. ಅವರ ದನಿಯಲ್ಲಿ ಕೇಡು ಇರಲಿಲ್ಲ. ಬಡ ಮಕ್ಕಳಿಗೆ ಖರ್ಚು ತಪ್ಪಿಸಿದ ಸಮಾಧಾನವೇ ಇತ್ತು. 6ನೇ ನಂಬರಿನವನ ಅಪ್ಪ ಊರೂರು ತಿರುಗಿ ಕೊಡೆ ರಿಪೇರಿ ಮಾಡುವ ಸಾಬರು. 11ನೇ ನಂಬರಿನವಳ ಅಪ್ಪ ಬಡಗಿ, ಕ್ರಿಶ್ಚಿಯನ್ನರು. 14 ಮತ್ತು 15 ಅಣ್ಣ ತಮ್ಮ, ಊರ ಹೊರಗಿನ ಕೇರಿಯವರು. ಮೊದಲಿನ ಇಬ್ಬರ ದೇವರು ಬೇರೆ. ಕೊನೆಯ ಇಬ್ಬರದು ನಮ್ಮದೇ ದೇವರು, ಆದರೂ ಅವರ ಕಾಯಿ ನಡೆಯುತ್ತಿರಲಿಲ್ಲ. ಶಾಲೆಯಲ್ಲಿ ಧರ್ಮ ಇರಬೇಕೋ ಬೇಡವೋ ಎಂದು ಈಗ ಟೀವಿಯಲ್ಲಿ ಎರಡು ಕಡೆಯಿಂದ ಕೂಗುವವರಿಗೆ 6 ಮತ್ತು 11 ನೆನಪಿರುತ್ತದೆ. 14, 15ರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಪಂಚಕಜ್ಜಾಯ ಮಾತ್ರ ಎಲ್ಲರಿಗೂ ಸಿಗುತ್ತಿತ್ತು. ತಿನ್ನುವುದಕ್ಕೆ ಪಾಳಿ ಇರಲಿಲ್ಲ. 11ನೇ ನಂಬರಿನವಳು ಎಲ್ಲರಿಗಿಂತ ಮೊದಲು ತಿಂದು ಮುಗಿಸಿ ಕೈ ನೆಕ್ಕುತ್ತಿದ್ದಳು.

ನನ್ನ ಓರಗೆಯವರು ಮದುವೆ ಮನೆಗಳಲ್ಲಿ ಸಿಕ್ಕಾಗ ‘ನಮ್ಮ ಕಾಲದಲ್ಲಿ ಇದೆಲ್ಲ ಗಲಾಟೆಯೇ ಇರಲಿಲ್ಲ ನೋಡು’ ಎನ್ನುತ್ತಾರೆ. ಇರಲಿಲ್ಲ, ನಿಜ. ಗಲಾಟೆ ಮಾಡುವುದಕ್ಕೆ ಜನ ಬೇಕಲ್ಲ. ಕೊಡೆ ರಿಪೇರಿಯವನು ಮಾಸ್ತರರ ಹತ್ತಿರ ಬಂದು ನನ್ನ ಮಗನ ಪಾಳಿ ಯಾವಾಗ ಎಂದು ಕೇಳುತ್ತಾನೆಯೇ? ಮಳೆಗಾಲದಲ್ಲಿ ಮಾಸ್ತರರ ಕೊಡೆಯನ್ನೂ ಅವನೇ ರಿಪೇರಿ ಮಾಡಬೇಕಿತ್ತು.

ಧರ್ಮಗ್ರಂಥ ಅಂತ ಆ ಶಾಲೆಯೊಳಗೆ ಏನೂ ಇರಲಿಲ್ಲ. ಗೀತೆ ಮನೆಯ ಸೊತ್ತಾಗಿತ್ತು. ನಮ್ಮಲ್ಲಿ ಊಟಕ್ಕೆ ಕೂತಾಗ ಅಜ್ಜ ಹದಿನೈದನೇ ಅಧ್ಯಾಯ ಹೇಳುತ್ತಿದ್ದ. ಹಸಿದ ಹೊಟ್ಟೆಯಲ್ಲಿ ಕೇಳಿ ಕೇಳಿಯೇ ನನಗೆ ಬಾಯಿಗೆ ಬಂದದ್ದು. ಶಾಲೆಯಲ್ಲಿ ಇದ್ದದ್ದು ಪಠ್ಯಪುಸ್ತಕದೊಳಗಿನ ಕುಮಾರವ್ಯಾಸ, ಬಸವಣ್ಣ, ಪುರಂದರದಾಸರು. ಅವರನ್ನು ಯಾರೂ ಧರ್ಮ ಎಂದು ಕರೆಯುತ್ತಿರಲಿಲ್ಲ, ಪದ್ಯ ಎನ್ನುತ್ತಿದ್ದರು. ಹತ್ತು ಸಾಲು ಬಾಯಿಪಾಠ ಬರದಿದ್ದರೆ ಬೆತ್ತ. ಹರಿಭಕ್ತಿಯ ಪದ್ಯ ತಪ್ಪಿದವನಿಗೂ ಶಿವಭಕ್ತಿಯ ವಚನ ತಪ್ಪಿದವನಿಗೂ ಏಟು ಸಮ. ಆ ವಿಷಯದಲ್ಲಿ ನಮ್ಮ ಶಾಲೆ ಪೂರ್ತಿ ಜಾತ್ಯತೀತವಾಗಿತ್ತು.

ಗ್ರಂಥವೇ ಬಂದದ್ದು ಒಂದೇ ಸಲ. ನಾನು ಏಳನೆಯಲ್ಲಿದ್ದಾಗ ಬಿಳಿ ಅಂಗಿಯ ಇಬ್ಬರು ಚೀಲ ಹೊತ್ತು ಬಂದು, ಮಾಸ್ತರರ ಹತ್ತಿರ ಮಾತಾಡಿ, ದೊಡ್ಡ ಮಕ್ಕಳಿಗೆಲ್ಲ ಒಂದೊಂದು ಪುಸ್ತಕ ಕೊಟ್ಟು ಹೋದರು. ಅಂಗೈಯಷ್ಟು ಅಗಲ, ರಟ್ಟು ಕೆಂಪು, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಕನ್ನಡದ ಹೊಸ ಒಡಂಬಡಿಕೆ. ಹೋಟೆಲು ಕೋಣೆಗಳಲ್ಲಿ ಬೈಬಲ್ ಇಡುವ ಗಿಡಿಯನ್ಸ್ ಎಂಬವರು ಹೀಗೆ ಕಿಸೆ ಪುಸ್ತಕ ಹಂಚುತ್ತಾರೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ನಮಗೆ ಅದು ಪುಕ್ಕಟೆ ಸಿಕ್ಕ ಹೊಸ ಪುಸ್ತಕ ಅಷ್ಟೆ. ನಾನು ಮೂಗಿಗೆ ಹಿಡಿದು ವಾಸನೆ ನೋಡಿದೆ.

ಮನೆಗೆ ತಂದದ್ದನ್ನು ಅಪ್ಪ ಎರಡು ಸಂಜೆ ಕೂತು ಓದಿದ. ಅಜ್ಜಿ ಒಲೆಗೆ ಹಾಕು ಎಂದಳು; ಅಕ್ಷರ ಇರುವ ಕಾಗದ ಸುಡಬಾರದು ಎಂದು ಅಪ್ಪ ಕೊಡಲಿಲ್ಲ. ಮೂರನೇ ದಿನ ನನ್ನ ಕೈಗೆ ವಾಪಸು ಕೊಟ್ಟು, ‘ಕತೆ ಚೊಲೋ ಇದ್ದು, ಕನ್ನಡ ಚೊಲೋ ಇಲ್ಲೆ’ ಎಂದ. ಒಂದು ಧರ್ಮಗ್ರಂಥದ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಇದು. ಆದರೆ ಕತೆ ಚೊಲೋ ಇದ್ದು ಎಂದ ಅದೇ ಅಪ್ಪ, 11ನೇ ನಂಬರಿನವಳು ಲೆಕ್ಕದ ಪಟ್ಟಿ ಕೇಳಲು ಬಂದರೆ ಜಗಲಿ ದಾಟಿಸುತ್ತಿರಲಿಲ್ಲ. ಪುಸ್ತಕ ಒಳಕೋಣೆಯವರೆಗೆ ಬಂದಿತ್ತು, ಹುಡುಗಿ ಮೆಟ್ಟಿಲ ಮೇಲೆ ನಿಂತಿದ್ದಳು. ವಾರ ಕಳೆಯುವುದರೊಳಗೆ ಮಾಸ್ತರು ಎಲ್ಲರ ಪುಸ್ತಕವನ್ನೂ ವಾಪಸು ತರಿಸಿ ಟ್ರಂಕಿಗೆ ತುಂಬಿ ಬೀಗ ಹಾಕಿದರು. ಮೇಲಿನವರು ಕೇಳಿದರೆ ಎಂಬ ಹೆದರಿಕೆ ಇರಬೇಕು. ಶಾರದೆಯ ಪಟದ ಬಗ್ಗೆ ಮೇಲಿನವರು ಕೇಳುತ್ತಾರೆಂಬ ಹೆದರಿಕೆ ಅವರಿಗೆ ಎಂದೂ ಇರಲಿಲ್ಲ.

ಸಂವಿಧಾನದ 28ನೇ ವಿಧಿಯನ್ನು ನಾನು ಓದಿದ್ದು ಟಿಸಿಎಚ್ ಶಿಕ್ಷಕ ತರಬೇತಿ ಮಾಡುವಾಗ, ಐದು ಅಂಕದ ಪ್ರಶ್ನೆಯಾಗಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಮೊದಲ ಖಂಡ. ಮೂರನೆಯದು, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲೂ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ ಎನ್ನುತ್ತದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆಯಾದಾಗ ಅಂಬೇಡ್ಕರರು ಮುಂದಿಟ್ಟ ಕಾರಣಗಳಲ್ಲಿ ಒಂದು ಸಾದಾ ಲೆಕ್ಕದ್ದು: ತೆರಿಗೆ ಎಲ್ಲರದು, ಆ ದುಡ್ಡಿನಲ್ಲಿ ಒಬ್ಬರ ಧರ್ಮ ಕಲಿಸುವುದು ಹೇಗೆ? ಐದು ಅಂಕಕ್ಕೆ ಇಷ್ಟು ಸಾಕಿತ್ತು. ನನಗೆ ನಾಲ್ಕೂವರೆ ಬಂತು. ಪರೀಕ್ಷೆ ಬರೆಯುವಾಗ ಶುಕ್ರವಾರದ ಕಾಯಿ ನೆನಪಾಗಲಿಲ್ಲ. ಕಾಯಿ ಧರ್ಮ ಎಂದು ನನಗೆ ಗೊತ್ತೇ ಇರಲಿಲ್ಲ. ಅದು ಶುಕ್ರವಾರವಾಗಿತ್ತು, ಅಷ್ಟೆ.

1986ರಲ್ಲಿ ನೌಕರಿ ಸಿಕ್ಕಿತು. ಯಲ್ಲಾಪುರ ಮತ್ತು ಹಳಿಯಾಳದ ಗಡಿಯ ಕಾಡಿನ ನಡುವೆ ಏಕೋಪಾಧ್ಯಾಯ ಶಾಲೆ. ಬಸ್ಸಿಳಿದು ನಾಲ್ಕು ಕಿಲೋಮೀಟರು ನಡಿಗೆ. ಮಕ್ಕಳಲ್ಲಿ ಮುಕ್ಕಾಲು ಪಾಲು ಸಿದ್ದಿಗಳು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪೀಳಿಗೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ, ಆಗಿನ್ನೂ ಅದಿಲ್ಲ. ದಾಖಲಾತಿ ಪುಸ್ತಕ ತುಂಬಲು ಕೂತಾಗ ನನಗೆ ತಲೆ ತಿರುಗಿತು. ಜಾತಿಯ ಕಾಲಮ್ಮಿನಲ್ಲಿ ಎಲ್ಲರದೂ ಸಿದ್ದಿ. ಧರ್ಮದ ಕಾಲಮ್ಮಿನಲ್ಲಿ ಒಬ್ಬನದು ಹಿಂದೂ, ಅವನ ಜೊತೆ ಕೈ ಹಿಡಿದು ಬಂದವನದು ಕ್ರಿಶ್ಚಿಯನ್, ಹಳ್ಳದ ಆಚೆಯವನದು ಮುಸ್ಲಿಂ. ಮನೆಯಲ್ಲಿ ಎಲ್ಲರೂ ಆಡುವುದು ಕೊಂಕಣಿ. ಹಿಂದಿನ ಯಾವ ಮಾಸ್ತರು ಯಾರಿಗೆ ಏನು ಬರೆದರೋ, ಒಂದು ಮನೆಯಲ್ಲಿ ಅಣ್ಣನಿಗೊಂದು ತಂಗಿಗೊಂದು ಧರ್ಮವಾಗಿತ್ತು. ನಾನು ತಿದ್ದಲು ಹೋಗಲಿಲ್ಲ. ಅವರಿಗೂ ಅವಸರ ಇದ್ದಂತೆ ಕಾಣಲಿಲ್ಲ.

ಅಲ್ಲಿಯೂ ಶುಕ್ರವಾರದ ಪೂಜೆ ಬಿಡಲಿಲ್ಲ ನಾನು. ಪಾಳಿ ಮಾತ್ರ ತೆಗೆದುಹಾಕಿದೆ. ಕಾಯಿ, ಬೆಲ್ಲ, ಊದುಬತ್ತಿ ಎಲ್ಲ ನನ್ನ ಸಂಬಳದ್ದು. ದೊಡ್ಡ ಸುಧಾರಣೆ ಮಾಡಿದೆ ಎಂದುಕೊಂಡಿದ್ದೆ. ಮಾಸ್ತರು ನಾಲ್ಕು ಜನರನ್ನು ಬಿಟ್ಟಿದ್ದರು, ನಾನು ಎಲ್ಲರನ್ನೂ ಬಿಟ್ಟೆ. ಕಾಯಿ ನನ್ನದಾಯಿತು, ದೇವರೂ ನನ್ನದೇ ಆಗಿ ಉಳಿಯಿತು, ಮಕ್ಕಳು ತಿನ್ನುವವರಾದರು. ಇದು ಹೊಳೆಯಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು.

2011ಕ್ಕೆ ನಾನು ಅದೇ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಆ ವರ್ಷ ರಾಜ್ಯದ ತುಂಬ ಸುದ್ದಿ. ನಮ್ಮ ಜಿಲ್ಲೆಯವರಿಗೆ ಅಭಿಯಾನ ಹೊಸದಲ್ಲ, ಗಲಾಟೆ ಹೊಸದು. ಶಿಕ್ಷಣ ಸಚಿವರು ನಮ್ಮ ಜಿಲ್ಲೆಯವರೇ, ವಿಶ್ವೇಶ್ವರ ಹೆಗಡೆ ಕಾಗೇರಿ. ಗೀತೆ ಬೇಡವೆನ್ನುವವರು ದೇಶ ಬಿಡಬಹುದು ಎಂಬರ್ಥದ ಮಾತನ್ನು ಅವರು ಕೋಲಾರದಲ್ಲಿ ಆಡಿದರೆಂದು ಪತ್ರಿಕೆಗಳಲ್ಲಿ ಬಂತು. ಬೆಂಗಳೂರಿನಲ್ಲಿ ಪ್ರತಿಭಟನೆ, ಹೈಕೋರ್ಟಿನಲ್ಲಿ ಅರ್ಜಿ. ಕಡ್ಡಾಯವೇನಲ್ಲ ಎಂದು ಸರ್ಕಾರದ ಕಡೆಯ ಸಮಜಾಯಿಷಿ. ನಮ್ಮ ಶಾಲೆಗೆ ಇದರಲ್ಲಿ ಯಾವುದೂ ಮುಟ್ಟಲಿಲ್ಲ. ಮುಟ್ಟಿದ್ದು ಒಂದು ಕಟ್ಟು ಪುಸ್ತಿಕೆ, ಮತ್ತು ವಾರಕ್ಕೆರಡು ದಿನ ಬಂದು ಶ್ಲೋಕ ಹೇಳಿಕೊಡುತ್ತಿದ್ದ ಇಬ್ಬರು ಹೆಂಗಸರು. ಒಳ್ಳೆಯವರು. ಬರುವಾಗ ಮಕ್ಕಳಿಗೆ ಬಾಳೆಹಣ್ಣು ತರುತ್ತಿದ್ದರು.

ನಾನು ವಿರೋಧಿಸಿದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಖುಷಿಯಿಂದ ಕಲಿಸಿದೆ. ಅವರು ಬಾರದ ದಿನ ನಾನೇ ಹೇಳಿಕೊಡುತ್ತಿದ್ದೆ. ಮಕ್ಕಳ ಬಾಯಲ್ಲಿ ಸಂಸ್ಕೃತ ಕೇಳುವುದು ಚಂದ, ಅದರಲ್ಲೂ ಮಹಾಪ್ರಾಣಕ್ಕೆ ತಡವರಿಸುವ ಮಕ್ಕಳ ಬಾಯಿ ಒಂದು ತಿಂಗಳಲ್ಲಿ ತಿದ್ದಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಗೀತೆಯೇ ಬೇಕಿತ್ತೇ, ರನ್ನನ ಒಂದು ಪದ್ಯ ಸಾಲದೇ ಎಂದರೆ, ಸಾಕು. ಆದರೆ ರನ್ನನ ಪದ್ಯಕ್ಕೆ ಬಾಳೆಹಣ್ಣು ತರುವವರು ಇರಲಿಲ್ಲ.

ತೊಡಕು ಬಂದದ್ದು ಅರ್ಥದಲ್ಲಿ. ಅಭಿಯಾನದಲ್ಲಿ ಅರ್ಥಕ್ಕೆ ಅಷ್ಟು ಒತ್ತು ಇರಲಿಲ್ಲ, ಬಾಯಿಪಾಠವೇ ಮುಖ್ಯ. ನನಗೆ ಮಾತ್ರ ಮೇಷ್ಟ್ರಗಿತ್ತಿಯ ಚಟ, ಅರ್ಥ ಹೇಳದೆ ಬಿಡಲಾಗದು. ಒಂದು ಮಧ್ಯಾಹ್ನ ಸ್ವಂತ ಉಮೇದಿನಲ್ಲಿ ನಾಲ್ಕನೇ ಅಧ್ಯಾಯಕ್ಕೆ ಕೈ ಹಾಕಿದೆ. 13ನೇ ಶ್ಲೋಕ, ನಾಲ್ಕು ವರ್ಣ ಮಾಡಿದವನು ನಾನೇ ಎಂದು ಕೃಷ್ಣ ಹೇಳುವುದು. ಗುಣ ಮತ್ತು ಕರ್ಮದ ಮೇಲೆ ಹಂಚಿದ್ದು, ಹುಟ್ಟಿನ ಮೇಲಲ್ಲ ಎಂದು ದೊಡ್ಡವರು ಹೇಳುವುದನ್ನು ನಾನೂ ಹೇಳಿದೆ. ಎರಡನೇ ಸಾಲಿನಲ್ಲಿ ಕೂತ ಒಬ್ಬ ಸಿದ್ದಿ ಹುಡುಗಿ ಎದ್ದು ನಿಂತಳು. ‘ಅಕ್ಕೋರೇ, ನಾವು ನಾಲ್ಕರಲ್ಲಿ ಯಾವುದರಾಗೆ ಬರ್ತೇವೆ?’

ತಕರಾರು ಅಲ್ಲ ಅದು. ಹಾಜರಿ ಕರೆಯುವಾಗ ತನ್ನ ಹೆಸರು ಬರಲಿಲ್ಲವೆಂದು ಕೇಳುವ ಧಾಟಿ. ನಾನು ಮುಂದಿನ ಶ್ಲೋಕಕ್ಕೆ ಹೋದೆ. ಮನೆಯಲ್ಲಿ ಡಿವಿಜಿಯವರ ‘ಜೀವನಧರ್ಮಯೋಗ’ ಇತ್ತು, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ. ಆ ರಾತ್ರಿ ತೆಗೆದು ಓದಿದೆ. ನನಗೆ ಉತ್ತರ ಸಿಕ್ಕಿತು ಎನ್ನಬಹುದು. ಹನ್ನೊಂದು ವರ್ಷದ ಆ ಹುಡುಗಿಗೆ ಹೇಳುವಂಥದ್ದು ಸಿಗಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಇವರಿಗೆ ಉತ್ತರ ಗೊತ್ತಿಲ್ಲ ಎಂದು ಮಕ್ಕಳಿಗೆ ಬಹಳ ಬೇಗ ತಿಳಿಯುತ್ತದೆ.

ಧರ್ಮದ ಬೋಧನೆ ಬೇರೆ, ಧರ್ಮಗಳ ಬಗ್ಗೆ ಬೋಧನೆ ಬೇರೆ ಎಂದು 1964–66ರ ಕೊಠಾರಿ ಆಯೋಗ ಗೆರೆ ಎಳೆದಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಧರ್ಮಗಳ ಬಗ್ಗೆ ತಿಳಿಸುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದಿತು. ಕಾಗದದ ಮೇಲೆ ಈ ಗೆರೆ ದಪ್ಪಗಿದೆ. ಎರಡೂವರೆ ಗಂಟೆಯ ಸೆಕೆಯಲ್ಲಿ ಐದು, ಆರು, ಏಳು ಮೂರೂ ತರಗತಿ ಒಂದೇ ಕೋಣೆಯಲ್ಲಿ ಕೂತಿರುವಾಗ ಕಾಣುವುದಿಲ್ಲ. ಆ ಹುಡುಗಿ ಕೇಳಿದ್ದು ಗೀತೆಯ ಬಗ್ಗೆ. ನಾನು ಕಲಿಸುತ್ತಿದ್ದದ್ದು ಗೀತೆಯನ್ನು.

ಅಭಿಯಾನದ ನಡುವೆ ಮುಖ್ಯಾಧ್ಯಾಪಕರು ಕರೆದು ಒಂದು ಬಿಳಿ ಹಾಳೆ ಕೊಟ್ಟರು. ‘ಇಷ್ಟ ಇಲ್ಲದ ಮಕ್ಕಳು ಯಾರಾದರೂ ಇದ್ದರೆ ಹೆಸರು ಬರೆದಿಡಿ, ನಾಳೆ ಯಾರಾದರೂ ಕೇಳಿದರೆ ತೋರಿಸೋಣ.’ ಮತ್ತೆ ಪಟ್ಟಿ, ಮತ್ತೆ ಬರೆಯುವವಳು ನಾನು. ತರಗತಿಗೆ ಹೋಗಿ ಕೇಳಿದೆ: ಯಾರಿಗೆ ಇಷ್ಟ ಇಲ್ಲ, ಕೈ ಎತ್ತಿ. ಒಂದು ಕೈಯೂ ಏಳಲಿಲ್ಲ. ಹಾಳೆ ಖಾಲಿ ಉಳಿಯಿತು. ಖಾಲಿ ಹಾಳೆಗೆ ದಿನಾಂಕ ಹಾಕಿ, ಸಹಿ ಮಾಡಿ, ಫೈಲಿಗೆ ಸೇರಿಸಿದೆವು. ಎಲ್ಲರ ಸಮ್ಮತಿಗೆ ಅದೇ ದಾಖಲೆ.

ಕೇರಳದಲ್ಲಿ 1985ರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಅವರ ಯೆಹೋವನ ಸಾಕ್ಷಿಗಳ ಪಂಥ ಅದಕ್ಕೆ ಒಪ್ಪುವುದಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಮರುವರ್ಷ ಸುಪ್ರೀಂ ಕೋರ್ಟು ವಾಪಸು ಸೇರಿಸಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಮಕ್ಕಳ ಹಿಂದೆ ಗಟ್ಟಿ ಮನಸ್ಸಿನ ಅಪ್ಪ ಅಮ್ಮ ಇದ್ದರು. ನನ್ನ ತರಗತಿಯ ಮಕ್ಕಳ ಹಿಂದೆ ಇದ್ದದ್ದು ಅರಣ್ಯ ಇಲಾಖೆಯ ಪ್ಲಾಂಟೇಶನ್ನಿಗೆ ಕೂಲಿಗೆ ಹೋಗುವ ಅಪ್ಪ ಅಮ್ಮ.

2011ರ ಅಭಿಯಾನದ ಶ್ಲೋಕ ಸ್ಪರ್ಧೆಯಲ್ಲಿ ಗೆದ್ದವನು ನಮ್ಮ ಶಾಲೆಯ ಆರನೇ ತರಗತಿಯ ಒಬ್ಬ ಮುಸ್ಲಿಂ ಸಿದ್ದಿ ಹುಡುಗ. ಕ್ಷ, ಜ್ಞ, ವಿಸರ್ಗ ಎಲ್ಲ ಸ್ಪಷ್ಟ. ನನಗೆ ಹೆಮ್ಮೆಯೋ ಹೆಮ್ಮೆ. ಇಂಥ ಸುದ್ದಿಯನ್ನು ನೀವೂ ಓದಿರುತ್ತೀರಿ. ವರ್ಷಕ್ಕೊಂದಾದರೂ ಪತ್ರಿಕೆಯಲ್ಲಿ ಬರುತ್ತದೆ, ಫೋಟೋ ಸಮೇತ. ನಮ್ಮಲ್ಲಿಗೂ ಒಬ್ಬ ವರದಿಗಾರರು ಬರುವವರಿದ್ದರು. ಹಿಂದಿನ ಸಂಜೆ ಹುಡುಗನ ಅಪ್ಪ ನನ್ನ ಬಾಡಿಗೆ ಮನೆಯ ಅಂಗಳದಲ್ಲಿ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ, ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಸುತ್ತುತ್ತಿದ್ದ.

‘ಅಕ್ಕೋರೇ, ಹುಡುಗನಿಗೆ ಬಹುಮಾನ ಕೊಡ್ರಿ. ಪೇಪರಿಗೆ ಮಾತ್ರ ಹಾಕಬ್ಯಾಡ್ರಿ.’

ಯಾಕೆ, ಒಳ್ಳೆಯ ವಿಷಯ ಅಲ್ಲವೇ ಎಂದೆ.

‘ಒಳ್ಳೇದೇ. ನಾವು ಹಳಿಯಾಳಕ್ಕೆ ಸಂತೆಗೂ ಹೋಗಬೇಕು, ಮಸೀದಿಗೂ ಹೋಗಬೇಕು, ಹೆಗಡೇರ ತೋಟಕ್ಕೂ ಹೋಗಬೇಕು. ಎಲ್ಲಾ ಕಡೆ ಅದನ್ನೇ ಮಾತಾಡ್ತಾರೆ.’

ಬಹುಮಾನ ಒಂದು ಸ್ಟೀಲಿನ ಡಬ್ಬಿ. ಹುಡುಗ ತೆಗೆದುಕೊಂಡ. ವರದಿಗಾರರಿಗೆ ಹುಡುಗನಿಗೆ ಜ್ವರ ಎಂದು ನಾನೇ ಸುಳ್ಳು ಹೇಳಿದೆ. ಆ ಮೇಲಿನ ಶುಕ್ರವಾರದಿಂದ ನಮ್ಮ ತರಗತಿಯ ಪೂಜೆಯನ್ನು ನಿಲ್ಲಿಸಿದೆ. ಘೋಷಣೆ ಏನಿಲ್ಲ, ಕಾಯಿ ತರುವುದನ್ನು ಮರೆತವಳ ಹಾಗೆ ಇದ್ದೆ. ಪಂಚಕಜ್ಜಾಯ ಇಲ್ಲವೆಂದು ಮಕ್ಕಳು ಎರಡು ವಾರ ಮುಖ ಸಣ್ಣ ಮಾಡಿಕೊಂಡಿದ್ದರು.

2022ರದು ಎಲ್ಲರಿಗೂ ಗೊತ್ತಿರುವುದೇ. ಮಾರ್ಚಿನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಗೆ ಗೀತೆ ಎಂದಿತು. ಬೆನ್ನಿಗೇ ನಮ್ಮ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶರು ನೈತಿಕ ಶಿಕ್ಷಣದ ಮಾತೆತ್ತಿದರು. ಏಪ್ರಿಲಿನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದು ಎಲ್ಲ ಮಕ್ಕಳೂ ಬೈಬಲ್ ತರಬೇಕೆನ್ನುತ್ತದೆ ಎಂದು ಗದ್ದಲ. ಅದರ ಹಿಂದಿನ ತಿಂಗಳಷ್ಟೇ ಹಿಜಾಬಿನ ತೀರ್ಪು ಬಂದಿತ್ತು. ಗೀತೆ ಬೇಕು ಎಂದವರೇ ಬೈಬಲ್ ಬೇಡ ಎಂದರು. ಗೀತೆ ಬೇಡ ಎಂದವರಲ್ಲಿ ಕೆಲವರು ಅಲ್ಪಸಂಖ್ಯಾತ ಸಂಸ್ಥೆಯ ಹಕ್ಕು ಎಂದರು. ಖಾಸಗಿ ಶಾಲೆಗೂ ಸರ್ಕಾರಿ ಶಾಲೆಗೂ ಸಂವಿಧಾನ ಇಟ್ಟಿರುವ ವ್ಯತ್ಯಾಸವನ್ನು ಟೀವಿಯಲ್ಲಿ ಒಬ್ಬರೂ ಬಿಡಿಸಿ ಹೇಳಿದ್ದು ನಾನು ಕೇಳಲಿಲ್ಲ. ನನಗೆ ಐದು ಅಂಕದ ಪ್ರಶ್ನೆ ನೆನಪಾಯಿತು.

2023ರ ಮೇ 31ಕ್ಕೆ ನಿವೃತ್ತಿ. ಚಾರ್ಜು ಕೊಡುವಾಗ ಹಸಿರು ಬೀರುವಿನ ಸಾಮಾನನ್ನೆಲ್ಲ ದಾಸ್ತಾನು ಪುಸ್ತಕದ ಜೊತೆ ತಾಳೆ ನೋಡಬೇಕಿತ್ತು. ಗೀತೆಯ ಪುಸ್ತಿಕೆ 24, ಅದರಲ್ಲಿ 3ಕ್ಕೆ ಗೆದ್ದಲು. ಅದೇ ಕೆಂಪು ರಟ್ಟಿನ ಹೊಸ ಒಡಂಬಡಿಕೆ 9. ಯಾರು ಯಾವಾಗ ಕೊಟ್ಟರೋ. ಯಾರೋ ದಾನಿಗಳು ಕೊಟ್ಟ ಕನ್ನಡ ಕುರ್‌ಆನ್ 1, ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ವಚನಗಳ ಸಂಪುಟ 2. ಎಲ್ಲ ಒಂದೇ ಅರೆಯಲ್ಲಿ, ಮುರಿದ ಭೂಗೋಳದ ಪಕ್ಕ. ದಾಸ್ತಾನಿಗೆ ಏರಿದ ಪುಸ್ತಕವನ್ನು ಮಕ್ಕಳ ಕೈಗೆ ಕೊಡುವ ಧೈರ್ಯ ಸರ್ಕಾರಿ ಶಾಲೆಯಲ್ಲಿ ಯಾರಿಗೂ ಇರುವುದಿಲ್ಲ. ಕಳೆದರೆ ನಮ್ಮ ತಲೆಗೆ. ತರಗತಿಯಲ್ಲಿ ಯಾವ ಗ್ರಂಥ ಇಡಬೇಕೆಂದು ವಿಧಾನಸೌಧದಲ್ಲಿ ಚರ್ಚೆಯಾಗುವಾಗ ನನಗೆ ಈ ಅರೆ ಕಣ್ಣಿಗೆ ಬರುತ್ತದೆ. ಇಟ್ಟಿದ್ದೆವು ಸ್ವಾಮಿ, ಎಲ್ಲವನ್ನೂ ಇಟ್ಟಿದ್ದೆವು. ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕಿದೆ, ಗೆದ್ದಲು ತಿಂದ ಮೂರನ್ನು ಬಿಟ್ಟು.

ನಾನು ಬಿಟ್ಟ ಮರುತಿಂಗಳೇ ಹೊಸ ಸರ್ಕಾರ ಶಾಲೆಗಳಲ್ಲಿ ದಿನವೂ ಸಂವಿಧಾನದ ಪೀಠಿಕೆ ಓದಿಸಬೇಕೆಂದು ತೀರ್ಮಾನಿಸಿತು. ಪೆನ್ಶನ್ನಿನ ಕಾಗದಕ್ಕೆಂದು ಶಾಲೆಗೆ ಹೋದಾಗ ಕೇಳಿಸಿಕೊಂಡೆ. ಶ್ಲೋಕದ್ದೇ ರಾಗ, ಸಾರ್ವಭೌಮ ಎಂಬಲ್ಲಿ ಎಳೆದು, ಗಣರಾಜ್ಯ ಎಂಬಲ್ಲಿ ಇಳಿಸುತ್ತಾರೆ. ಅರ್ಥ ಕೇಳಿದರೆ ಅಲ್ಲಿಯೂ ಮುಂದಿನ ಸಾಲಿಗೆ ಹೋಗುತ್ತಾರೋ ಏನೋ. ಆದರೂ ಗೋಡೆಗೆ ಒಂದೇ ಕಾಗದ ಅಂಟಿಸಬಹುದು ಎಂದರೆ ನಾನು ಇದನ್ನೇ ಅಂಟಿಸುತ್ತೇನೆ, ಇದರಲ್ಲಿ ಯಾವ ನಂಬರನ್ನೂ ಬಿಟ್ಟಿಲ್ಲ. 2024ರಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳ ಬಾಗಿಲ ಮೇಲೆ, ಜ್ಞಾನ ದೇಗುಲವಿದು ಕೈಮುಗಿದು ಒಳಗೆ ಬಾ ಎಂಬ ಹಳೆಯ ಬರಹವನ್ನು ತಿದ್ದಿ ಧೈರ್ಯವಾಗಿ ಪ್ರಶ್ನಿಸಿ ಎಂದು ಬರೆಸಿದ್ದಕ್ಕೂ ದೊಡ್ಡ ರಂಪ ಆಯಿತು. ಕೈಮುಗಿದು ಬಂದವರೂ ಪ್ರಶ್ನೆ ಕೇಳುತ್ತಾರೆ, ನಾನು ಕಂಡಿದ್ದೇನೆ. ಉತ್ತರ ಕೊಡುವವರು ಬಾಗಿಲ ಒಳಗೆ ಇರಬೇಕು.

ಮೊನ್ನೆ ಮೊನ್ನೆ ಈ ಕತೆಗೆ ಅಮೆರಿಕದ ಬಾಲ ಬೆಳೆಯಿತು. ನನ್ನ ಅಣ್ಣನ ಮಗಳು ಟೆಕ್ಸಸ್‌ನಲ್ಲಿ ಡಲ್ಲಾಸ್ ಹತ್ತಿರ ಇದ್ದಾಳೆ. 2025ರ ಜೂನ್‌ನಲ್ಲಿ ಅಲ್ಲಿನ ಗವರ್ನರ್ ಒಂದು ಕಾಯ್ದೆಗೆ ಸಹಿ ಹಾಕಿದರು. ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕು. ಕಡಿಮೆಯೆಂದರೆ 16 ಇಂಚು ಅಗಲ, 20 ಇಂಚು ಎತ್ತರ. ಸಾಧಾರಣ ದೃಷ್ಟಿಯವರಿಗೆ ತರಗತಿಯ ಯಾವ ಮೂಲೆಯಿಂದಲೂ ಓದಲು ಬರಬೇಕು. ದಾನಿಗಳು ಕೊಟ್ಟರೆ ಶಾಲೆ ಬೇಡ ಎನ್ನುವಂತಿಲ್ಲ. ದಾನಿಗಳು ಕೊಟ್ಟದ್ದು ಎಂದ ಕೂಡಲೇ ನನಗೆ ಹಸಿರು ಬೀರು ನೆನಪಾಯಿತು. ಅಲ್ಲಿಯ ಕೆಂಟಕಿ ರಾಜ್ಯದ ಇಂಥದೇ ಕಾಯ್ದೆಯನ್ನು, ಇದೇ 16–20 ಇಂಚಿನದನ್ನು, ಇದೇ ಖಾಸಗಿ ದೇಣಿಗೆಯದನ್ನು, 1980ರಲ್ಲಿ ಅವರ ಸುಪ್ರೀಂ ಕೋರ್ಟು ಒಂದು ಮತದ ಅಂತರದಲ್ಲಿ ತಳ್ಳಿಹಾಕಿತ್ತು. ಅಳತೆಯನ್ನೂ ಬದಲಿಸದೆ ಮತ್ತೆ ತಂದಿದ್ದಾರೆ. ಆಗಸ್ಟಿನಲ್ಲಿ ಸ್ಯಾನ್ ಆಂಟೋನಿಯೋದ ನ್ಯಾಯಾಧೀಶರೊಬ್ಬರು 11 ಶಾಲಾ ಜಿಲ್ಲೆಗಳ ಮಟ್ಟಿಗೆ ತಡೆದರು. ದಾವೆ ಹೂಡಿದವರಲ್ಲಿ ಯಹೂದಿಗಳು, ಕ್ರಿಶ್ಚಿಯನ್ನರು, ಧರ್ಮದ ಗೊಡವೆ ಇಲ್ಲದವರು, ಹಿಂದೂಗಳೂ ಇದ್ದರು. ನಮ್ಮ ಹುಡುಗಿಯ ಜಿಲ್ಲೆ ಆ ಹನ್ನೊಂದರಲ್ಲಿ ಇರಲಿಲ್ಲ.

ಅಣ್ಣ ಬ್ಯಾಂಕಿನಿಂದ ನಿವೃತ್ತ, ಹುಬ್ಬಳ್ಳಿಯಲ್ಲಿದ್ದಾನೆ. 2011ರಲ್ಲಿ ಗೀತೆ ಬೇಡವೆನ್ನುವವರಿಗೆ ಸಂಸ್ಕಾರ ಇಲ್ಲ ಎಂದು ನನ್ನೊಡನೆ ಫೋನಿನಲ್ಲಿ ಮುಕ್ಕಾಲು ತಾಸು ಜಗಳ ಆಡಿದ್ದ. ಈಗ ಫೋನ್ ಮಾಡಿ, ‘ಮೊಮ್ಮಗನ ಕ್ಲಾಸಲ್ಲಿ ಅದನ್ನ ಹಾಕಿದ್ರಡ. ಸರ್ಕಾರಿ ಶಾಲೆಲಿ ಹೆಂಗೆ ಹಾಕ್ತ್ರೋ? ಕೇಳವ್ರೇ ಇಲ್ಯ?’ ಎಂದ. ನಾನು ಹಳೆಯದನ್ನು ಕೆದಕಲಿಲ್ಲ. ಅವನಿಗೆ ಬಿಪಿ ಇದೆ. ಹುಡುಗನಿಗೆ ಮಾತ್ರ ಬೇಸರವೇನೂ ಇರಲಿಲ್ಲ. ಲೆಕ್ಕದ ಪಿರಿಯಡ್ಡಿನಲ್ಲಿ ಅದನ್ನೇ ಓದುತ್ತಾನಂತೆ. ಕೊನೆಯ ಆಜ್ಞೆಯಲ್ಲಿ ಪಕ್ಕದ ಮನೆಯವರ ಆಳುಕಾಳು, ದನಕರು ಬೇಕೆಂದು ಆಸೆಪಡಬಾರದು ಎಂದಿದೆಯಲ್ಲ, ಅದನ್ನು ಓದಿ ವೀಡಿಯೋ ಕಾಲಿನಲ್ಲಿ ನನ್ನನ್ನು ಕೇಳಿದ: ‘ಅಜ್ಜಿ, ಇದು ನಿಮ್ಮ ಕೊಟ್ಟಿಗೆ ಬಗ್ಗೆಯಾ?’ ಅವನು ದನ ಕಂಡದ್ದು ನಮ್ಮ ಊರಿನಲ್ಲಿ ಮಾತ್ರ.

11ನೇ ನಂಬರಿನವಳು ಸಿಕ್ಕಿದ್ದು ಅದೇ ವರ್ಷ, ಶಿರಸಿಯ ಮಾರ್ಕೆಟ್ಟಿನಲ್ಲಿ. ಐವತ್ತು ವರ್ಷದಲ್ಲಿ ಎರಡೋ ಮೂರೋ ಸಲ ನೋಡಿರಬಹುದು. ನರ್ಸಾಗಿ ಗೋವಾದಲ್ಲಿ ನೌಕರಿ ಮುಗಿಸಿ ವಾಪಸು ಬಂದಿದ್ದಾಳೆ, ಮಂಡಿ ನೋವು, ಬಣ್ಣ ಹಚ್ಚಿದ ಕೂದಲು. ಕಾಯಿಯ ರೇಟು ಏರಿದ ವರ್ಷ ಅದು. ಅಂಗಡಿಯವನು ಸಣ್ಣ ಕಾಯಿಗೆ ಐವತ್ತು ಹೇಳುತ್ತಿದ್ದ. ಇಬ್ಬರೂ ಕಾಯಿ ಆರಿಸುತ್ತಾ ನಿಂತಿದ್ದೆವು. ಅವಳು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

‘ನೆನಪಿದ್ಯನೇ, ಶಾಲೇಲಿ ನನ್ನ ಪಾಳಿ ಬರ್ತಾನೇ ಇರಲಿಲ್ಲ’ ಎಂದಳು. ‘ಅಮ್ಮ ಒಂದು ವರ್ಷ ಜೂನ್ ತಿಂಗಳಲ್ಲೇ ಕಾಯಿ ತೆಗೆದಿಟ್ಟಿದ್ದಳು, ಹುಡುಗಿ ಪಾಳಿ ಬಂದಾಗ ಇಲ್ಲ ಅನ್ನಬಾರದು ಅಂತ. ಮಾರ್ಚ್ ಹೊತ್ತಿಗೆ ಅದು ಮೊಳಕೆ ಬಂತು. ಹಿತ್ತಲಲ್ಲಿ ನೆಟ್ಟಳು.’

ಮರ ಇದೆಯೇ ಎಂದು ಕೇಳಿದೆ.

‘ಇಲ್ಲ ಮಾರಾಯ್ತಿ. ಮಂಗ.’

ಸ್ವಲ್ಪ ಹೊತ್ತು ಕಾಯಿ ನೋಡಿದೆವು. ಆ ಪಟ್ಟಿ ಬರೆಯುತ್ತಿದ್ದವಳು ನಾನೇ ಎಂದೆ.

‘ಗೊತ್ತು’ ಎಂದಳು. ‘ನಿನ್ನ ಅಕ್ಷರ ಚಂದ ಇತ್ತು.’

ಎರಡು ಕಾಯಿ ಆರಿಸಿ, ಜುಟ್ಟು ಬಿಟ್ಟು ಸುಲಿದುಕೊಡು ಎಂದು ಅಂಗಡಿಯವನಿಗೆ ಹೇಳಿ, ಪರ್ಸಿನಿಂದ ನೂರರ ನೋಟು ತೆಗೆದಳು.